ಸೋರೆಬುರುಡೆಯಿಂದ ವಿಶ್ವವಿದ್ಯಾಲಯಕ್ಕೆ: ಡುಮಿಸಾನಿ ಮರಾಯಿರೆ ನಡೆದ ದಾರಿ

ಸಂಗೀತದ ಚರಿತ್ರೆ ಬರೆಯುವವರು ವಾದ್ಯ ಬಾರಿಸಿದವರ ಹೆಸರು ಬರೆಯುತ್ತಾರೆ. ಅದನ್ನು ಕೇಳಿ ತಲೆದೂಗಿದ ದೊರೆಗಳ ಹೆಸರನ್ನೂ ಬರೆಯುತ್ತಾರೆ. ಮರ ಕಡಿದವನು ಯಾರು, ಬುರುಡೆ ಕೊರೆದವನು ಯಾರು, ಪೊರೆ ಅಂಟಿಸಿದವನು ಯಾರು ಅಂತ ಕೇಳಿದರೆ ಅವರ ಪುಟ ಖಾಲಿ. ಮದ್ದಳೆಗೆ ಚರ್ಮ ಹದ ಮಾಡಿಕೊಟ್ಟವರ ಮನೆ ಊರಿನ ಯಾವ ದಿಕ್ಕಿಗಿತ್ತು ಅನ್ನೋದನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾವು ಹೇಳಹೊರಟಿರುವುದು ದೂರದ ಒಂದು ವಾದ್ಯದ ಕಥೆ, ಅದನ್ನು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಒಬ್ಬ ಕಪ್ಪು ಮೇಷ್ಟರ ಕಥೆ. ವಾದ್ಯದ ಹೆಸರು ಮರಿಂಬಾ. ಮೇಷ್ಟರ ಹೆಸರು ಅಬ್ರಹಾಂ ಡುಮಿಸಾನಿ ಮರಾಯಿರೆ. ಶಿಷ್ಯರ ಬಾಯಲ್ಲಿ ಅವರು ಡೂಮಿ. ಅವರಿಗಿಂತ ಮೊದಲೇ ಮರಿಂಬಾ ವಿಶ್ವವಿದ್ಯಾಲಯ ಸೇರಿತ್ತು, ಅದಕ್ಕೆ ಪ್ರೊಫೆಸರುಗಳೂ ಇದ್ದರು. ಹಾಗಿದ್ದ ಮೇಲೆ ಇವರ ವಿಷಯವೇ ಯಾಕೆ ಅಂತ ಯಾರಾದರೂ ಕೇಳಬಹುದು. ವಾದ್ಯ ಮೊದಲು ಒಳಗೆ ಹೋದಾಗ ಅದನ್ನು ಮಾಡಿದ ಜನ ಬಾಗಿಲಾಚೆ ನಿಂತಿದ್ದರು. ಮರಾಯಿರೆ ಹೋದಾಗ ಆ ಜನರಲ್ಲೇ ಒಬ್ಬ ಒಳಗೆ ಹೋದ ಹಾಗಾಯಿತು. ಒಳಗೆ ಹೋದ ಮೇಲೆ ಏನಾಯಿತು, ಎಷ್ಟು ಜಾಗ ಸಿಕ್ಕಿತು, ಎಷ್ಟು ಸಿಗಲಿಲ್ಲ ಅನ್ನೋದನ್ನು ನಾವು ವಿಚಾರ ಮಾಡಬೇಕಾಗಿದೆ.

೧

ಮರಿಂಬಾ ಅಂದರೆ ಸಾಲಾಗಿ ಜೋಡಿಸಿದ ಮರದ ಪಟ್ಟಿಗಳು. ಉದ್ದನೆಯ ಪಟ್ಟಿಗೆ ತಗ್ಗಿನ ಸ್ವರ, ಗಿಡ್ಡ ಪಟ್ಟಿಗೆ ಏರಿನ ಸ್ವರ. ಒಂದೊಂದು ಪಟ್ಟಿಯ ಕೆಳಗೂ ಒಂದೊಂದು ಸೋರೆಬುರುಡೆ. ತುದಿಗೆ ರಬ್ಬರು ಸುತ್ತಿದ ಕೋಲಿನಿಂದ ಪಟ್ಟಿಗೆ ಹೊಡೆದರೆ ಬುರುಡೆಯೊಳಗಿನ ಗಾಳಿ ನಡುಗಿ ನಾದ ದೊಡ್ಡದಾಗುತ್ತದೆ. ಬುರುಡೆಗೆ ಸಣ್ಣ ತೂತು ಕೊರೆದು ಅದರ ಮೇಲೆ ಜೇನುಮೇಣದಿಂದ ತೆಳ್ಳನೆಯ ಪೊರೆ ಅಂಟಿಸಿರುತ್ತಾರೆ. ಪಟ್ಟಿ ನುಡಿದಾಗ ಆ ಪೊರೆಯೂ ನಡುಗಿ ಗುಂಯ್ ಅನ್ನುತ್ತದೆ. ತಂಬೂರಿಯ ತಂತಿಯ ಅಡಿಗೆ ಸಿಕ್ಕಿಸುವ ದಾರಕ್ಕೆ ನಮ್ಮಲ್ಲಿ ಜೀವಾಳ ಅಂತಾರಲ್ಲ, ಈ ಪೊರೆ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಈ ಗುಂಯ್ ಸದ್ದನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಮೇಲೆ ಒಂದು ದೊಡ್ಡ ಮಾತು ಬರುತ್ತದೆ.

ಹೆಸರು ಆಫ್ರಿಕದ್ದು. ಬಾಂಟು ಗುಂಪಿನ ನುಡಿಗಳಲ್ಲಿ ರಿಂಬಾ ಅಂದರೆ ಒಂದು ಪಟ್ಟಿ. ನಾವು ಬಹುವಚನಕ್ಕೆ ಕೊನೆಯಲ್ಲಿ 'ಗಳು' ಹಚ್ಚುತ್ತೇವೆ, ಅವರು ಮೊದಲಲ್ಲಿ 'ಮ' ಹಚ್ಚುತ್ತಾರೆ. ಮರಿಂಬಾ ಅಂದರೆ ಪಟ್ಟಿಗಳು, ಅಷ್ಟೇ.

1586ರಲ್ಲಿ ಜುವಾಂವ್ ದೊಸ್ ಸಾಂತೊಸ್ ಅನ್ನುವ ಪೋರ್ಚುಗೀಸ್ ಪಾದ್ರಿ ಪೂರ್ವ ಆಫ್ರಿಕದ ಕರಾವಳಿಗೆ ಬಂದ. ಸೊಫಾಲಾ ಬಂದರಿನ ಒಳನಾಡಿನಲ್ಲಿದ್ದ ಕಿತೆವೆ ದೊರೆಯ ಓಲಗದಲ್ಲಿ ಸೋರೆಬುರುಡೆ ಕಟ್ಟಿದ ಈ ವಾದ್ಯವನ್ನು ಕಂಡ. 1609ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದನ್ನು ಬಣ್ಣಿಸಿದ. ಬರೆದವನು ಪಾದ್ರಿ, ನುಡಿಸಿದವರ ಹೆಸರು ಅಲ್ಲಿ ಇಲ್ಲ. ಆ ಸೀಮೆಯವರು ಶೋನಾ ನುಡಿಯ ಜನ. ನಮ್ಮ ಮರಾಯಿರೆ ಕೂಡ ಶೋನಾ. ಅವರು ಹುಟ್ಟಿದ ಸೀಮೆ ಅಲ್ಲಿಂದ ಬಹಳ ದೂರವೂ ಅಲ್ಲ. ಇದನ್ನೂ ನೆನಪಿನಲ್ಲಿ ಇಡಬೇಕು.

ಅಲ್ಲಿಂದ ತೆಂಕಣಕ್ಕೆ, ಮೊಜಾಂಬಿಕ್ಕಿನಲ್ಲಿ ಚೋಪಿ ಜನ ಇದ್ದಾರೆ. ಅವರು ಈ ವಾದ್ಯಕ್ಕೆ ತಿಂಬಿಲಾ ಅಂತಾರೆ. ಹತ್ತಾರು ತಿಂಬಿಲಾ ಕೂಡಿಸಿ ಮೇಳ ಕಟ್ಟಿ, ಕುಣಿತ ಹಾಡು ಎಲ್ಲ ಸೇರಿಸಿ, ತಾಸುಗಟ್ಟಲೆ ಆಡುತ್ತಾರೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಈ ಜನರನ್ನು ಶಿಬಾಲೊ ಅನ್ನುವ ಬಿಟ್ಟಿ ಚಾಕರಿಗೆ ಎಳೆದುಕೊಂಡು ಹೋಗುತ್ತಿದ್ದರು. ಅದರಿಂದ ತಪ್ಪಿಸಿಕೊಳ್ಳಲಿಕ್ಕೆ, ಹೊಟ್ಟೆ ಹೊರೆಯಲಿಕ್ಕೆ, ಗಂಡಸರು ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗಳಿಗೆ ಹೋದರು. ಅಲ್ಲಿ ಭಾನುವಾರ ಗಣಿಯ ಅಂಗಳದಲ್ಲಿ ತಿಂಬಿಲಾ ಬಾರಿಸಿದರು. ಕತೀನಿ, ಗೊಮುಕೊಮು ಅನ್ನುವ ಇಬ್ಬರು ದೊಡ್ಡ ಮೇಳಗಾರರ ಹಾಡುಗಳನ್ನು ಹ್ಯೂ ಟ್ರೇಸಿ ಅನ್ನುವ ಸಂಗ್ರಹಕಾರ ಬರೆದುಕೊಂಡು 1948ರಲ್ಲಿ ಪುಸ್ತಕ ಮಾಡಿದ. ಆ ಹಾಡುಗಳಲ್ಲಿ ಊರಿನ ಸುದ್ದಿ ಇದೆ, ತೆರಿಗೆಯ ಗೋಳಿದೆ, ಅಧಿಕಾರಿಗಳನ್ನು ಹೆಸರು ಹಿಡಿದು ಬೈದದ್ದೂ ಇದೆ. ಮಾತಿನಲ್ಲಿ ಹೇಳಿದ್ದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ಹಾಡಿನಲ್ಲಿ ಹೇಳಿದಾಗ ದೊರೆಗಳಿಗೆ ಅರ್ಥವಾಗಲಿಲ್ಲ.

ಇದೇ ಕರಾವಳಿಯಿಂದ ಪೋರ್ಚುಗೀಸರ ಹಡಗು ಮನುಷ್ಯರನ್ನು ತುಂಬಿಕೊಂಡು ಗೋವಾಕ್ಕೂ ಬಂತು. ಅಲ್ಲಿನ ಯಜಮಾನರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿಗಳು. ಅವರ ಕೈಯಲ್ಲಿ ಮರಿಂಬಾ ಉಳಿಯಲಿಲ್ಲ, ಡಮಾಮಿ ಉಳಿಯಿತು. ಅವರನ್ನು ಪರಿಶಿಷ್ಟ ಪಂಗಡ ಅಂತ ಸರ್ಕಾರ ಒಪ್ಪಿಕೊಳ್ಳಲಿಕ್ಕೆ 2003ರವರೆಗೆ ಕಾಯಬೇಕಾಯಿತು. ಹಡಗಿನಲ್ಲಿ ತಂದವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯಲಿಕ್ಕೆ ಆಳುವವರಿಗೆ ಎಲ್ಲ ಕಡೆಯೂ ಇಷ್ಟೇ ಹೊತ್ತು ಹಿಡಿಯುತ್ತದೆ.

೨

ಆಫ್ರಿಕದಿಂದ ಸ್ಪೇನಿನವರು ಗುಲಾಮರನ್ನು ಅಮೆರಿಕದ ನಡುಭಾಗಕ್ಕೆ ಸಾಗಿಸಿದರು. ಹಡಗಿಗೆ ಹತ್ತುವಾಗ ಗುಲಾಮನ ಕೈಯಲ್ಲಿ ವಾದ್ಯ ಇರಲಿಕ್ಕೆ ಸಾಧ್ಯವಿಲ್ಲ. ತಲೆಯಲ್ಲಿ ಇತ್ತು, ಕೈಗೆ ಗೊತ್ತಿತ್ತು. ಹೊಸ ನೆಲದಲ್ಲಿ ಸಿಕ್ಕ ಮರ, ಸಿಕ್ಕ ಸೋರೆ ಹಿಡಿದು ಮತ್ತೆ ಮಾಡಿಕೊಂಡರು. ಅವರಿಂದ ಅಲ್ಲಿನ ಮೂಲನಿವಾಸಿ ಮಾಯಾ ಜನ ಕಲಿತರು. ಗ್ವಾಟೆಮಾಲಾದ ಹಳೆಯ ರಾಜಧಾನಿಯಲ್ಲಿ 1680ರಲ್ಲಿ ದೊಡ್ಡ ಇಗರ್ಜಿಯ ಉತ್ಸವ ನಡೆದಾಗ ಅದರ ಮುಂದೆ ಮರಿಂಬಾ ಬಾರಿಸಿದರು ಅಂತ ದಾಖಲೆ ಇದೆ. ಪೊರೆಗೆ ಅಲ್ಲಿ ಹಂದಿಯ ಕರುಳು ಬಳಸಿದರು. ಗುಂಯ್ ಅನ್ನುವ ದನಿಯನ್ನು ಬಿಡಲಿಲ್ಲ.

1978ರಲ್ಲಿ ಗ್ವಾಟೆಮಾಲಾ ಸರ್ಕಾರ ಮರಿಂಬಾವನ್ನು ರಾಷ್ಟ್ರೀಯ ವಾದ್ಯ ಅಂತ ಸಾರಿತು. ಅದೇ 1978ರ ಮೇ 29ರಂದು ಪಾಂಜೋಸ್ ಅನ್ನುವ ಊರಿನಲ್ಲಿ ಭೂಮಿಯ ಹಕ್ಕು ಕೇಳಲಿಕ್ಕೆ ಸೇರಿದ್ದ ಮಾಯಾ ರೈತರ ಮೇಲೆ ಅದೇ ಸರ್ಕಾರದ ಸೈನ್ಯ ಗುಂಡು ಹಾರಿಸಿತು. 1960ರಿಂದ 1996ರವರೆಗೆ ನಡೆದ ಆ ದೇಶದ ಒಳಯುದ್ಧದಲ್ಲಿ ಸತ್ತವರು, ಕಾಣೆಯಾದವರು ಸುಮಾರು 2 ಲಕ್ಷ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಅಂತ ವಿಶ್ವಸಂಸ್ಥೆಯ ಬೆಂಬಲದ ಆಯೋಗ 1999ರಲ್ಲಿ ವರದಿ ಕೊಟ್ಟಿತು. ವಾದ್ಯಕ್ಕೆ ಹಾರ, ಬಾರಿಸುವವನಿಗೆ ಗುಂಡು. ಇನ್ನು ಆ ವಾದ್ಯ ಆಫ್ರಿಕದ ಗುಲಾಮರಿಂದ ಬಂದದ್ದು ಅನ್ನುವ ಮಾತನ್ನು ಒಪ್ಪಿಕೊಳ್ಳಲಿಕ್ಕೆ ಅಲ್ಲಿನ ದೇಶಾಭಿಮಾನಿ ಪಂಡಿತರು ಬಹಳ ದಿನ ತಯಾರಿರಲಿಲ್ಲ. ಹೆಮ್ಮೆಯ ವಸ್ತುವಿಗೆ ಗುಲಾಮ ತಂದೆ ಇರಬಾರದು ಅನ್ನೋದು ಅವರ ಸಂಕಟ.

ಹತ್ತೊಂಬತ್ತನೆ ಶತಮಾನದ ಕೊನೆಗೆ ಗ್ವಾಟೆಮಾಲಾದ ಕೆಟ್ಸಾಲ್ತೆನಾಂಗೊ ಊರಿನ ಸೆಬಾಸ್ತಿಯಾನ್ ಉರ್ತಾದೊ ಪಿಯಾನೊದಲ್ಲಿ ಇರುವಂತೆ ಎರಡು ಸಾಲು ಪಟ್ಟಿಗಳ ಮರಿಂಬಾ ಮಾಡಿದ. ಮೆಕ್ಸಿಕೊದ ಚಿಯಾಪಾಸ್ ಸೀಮೆಯವರು ಇದನ್ನು ಮೊದಲು ಮಾಡಿದ್ದು ನಮ್ಮ ಕೊರಾಸೋನ್ ಬೊರ್ರಾಸ್ ಅಂತಾರೆ. ಯಾರೇ ಮಾಡಲಿ, ಉರ್ತಾದೊ ಸೋದರರ ಮೇಳ 1908ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋಯಿತು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊದ ದೊಡ್ಡ ವಸ್ತುಪ್ರದರ್ಶನದಲ್ಲಿ ಬಾರಿಸಿತು. ಬಂಡವಾಳದವರ ಕಿವಿ ನೆಟ್ಟಗಾಯಿತು. ಷಿಕಾಗೊದ ಡೀಗನ್ ಕಾರ್ಖಾನೆಯಂಥವು ಮರಿಂಬಾ ಮಾಡಿ ಮಾರಲಿಕ್ಕೆ ಹಿಡಿದವು. ಬುರುಡೆ ಹೋಯಿತು, ಲೋಹದ ಕೊಳವೆ ಬಂತು. ಪಟ್ಟಿಗೆ ಮರ ಮಾತ್ರ ನಡು ಅಮೆರಿಕದ ಕಾಡಿನಿಂದಲೇ ಬರಬೇಕು, ಅದು ನಮ್ಮ ಬೀಟೆಯ ಕುಲದ ಮರ. ಇದೆಲ್ಲ ಮಾಡುವಾಗ ಅವರು ತೆಗೆದುಹಾಕಿದ ಇನ್ನೊಂದು ವಸ್ತು ಪೊರೆ. ಅದರ ಜೊತೆ ಆ ಗುಂಯ್ ಸದ್ದೂ ಹೋಯಿತು. ಬಿಳಿಯರ ಸಭಾಂಗಣದ ಕಿವಿಗೆ ಅದು ಸಂಗೀತವಲ್ಲ, ಕೊಳೆ. ಕೊಳೆ ತೊಳೆದ ಮೇಲೆ ಮರಿಂಬಾ ಶುದ್ಧವಾಯಿತು. ಮಡಿ ಉಟ್ಟುಕೊಂಡು ಒಳಗೆ ಹೋಗುವ ಈ ವ್ಯವಹಾರ ಯಾವ ದೇಶದ್ದಾದರೂ ನಮಗೆ ಗುರುತು ಸಿಗುತ್ತದೆ.

ಈ ಶುದ್ಧವಾದ ಮರಿಂಬಾಕ್ಕೆ ದೊಡ್ಡ ಹೆಸರು ತಂದವನು ಪೆನ್ಸಿಲ್ವೇನಿಯಾದ ಕ್ಲೇರ್ ಓಮರ್ ಮಸ್ಸರ್. 1933ರಲ್ಲಿ ಷಿಕಾಗೊ ಪ್ರದರ್ಶನಕ್ಕೆ 100 ಮರಿಂಬಾ ಕೂಡಿಸಿದ. 1935ರಲ್ಲಿ ಮತ್ತೆ 100 ಮಂದಿಯ ಮೇಳ ಕಟ್ಟಿ ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲೂ ಬಾರಿಸಿದ. 1940ರ ದಶಕದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ. ವಿಶ್ವವಿದ್ಯಾಲಯದಲ್ಲಿ ಕಲಿಸಿ, ವೇದಿಕೆಯಲ್ಲಿ ಬಾರಿಸಿ ಬದುಕುವ ತಾಳವಾದ್ಯದ ಪ್ರೊಫೆಸರ್ ಅನ್ನುವ ಉದ್ಯೋಗ ಮರಿಂಬಾದವರಿಗೆ ಹೀಗೆ ತೆರೆಯಿತು. 1940ರಲ್ಲಿ ಪಾಲ್ ಕ್ರೆಸ್ಟನ್ ಅದಕ್ಕಾಗಿಯೇ ಒಂದು ಕೃತಿ ಬರೆದ, ರೂತ್ ಸ್ಟೂಬರ್ ಅನ್ನುವ ಹೆಣ್ಣುಮಗಳು ಅದನ್ನು ಮೊದಲು ನುಡಿಸಿದಳು. ಮಸ್ಸರನ ಶಿಷ್ಯೆ ವೀಡಾ ಚೆನೊವೆತ್ 1959ರಲ್ಲಿ ಕಾರ್ನೆಗಿ ಹಾಲಿನಲ್ಲಿ ರಾಬರ್ಟ್ ಕುರ್ಕಾನ ಕೃತಿಯನ್ನು ಒಬ್ಬಳೇ ಮುಂದೆ ನಿಂತು ನುಡಿಸಿದಳು.

ಇವರೆಲ್ಲ ಕಳ್ಳರು ಅಂತ ನಾವು ಹೇಳುತ್ತಿಲ್ಲ. ಅವರ ಶ್ರಮ ಶ್ರಮವೇ. ಚೆನೊವೆತ್ ಗ್ವಾಟೆಮಾಲಾಕ್ಕೆ ಹೋಗಿ, ಹಳ್ಳಿಯವರ ಮುಂದೆ ಕೂತು, 1964ರಲ್ಲಿ ಅವರ ಮರಿಂಬಾಗಳ ಮೇಲೆ ಒಂದು ಪುಸ್ತಕವನ್ನೇ ಬರೆದಳು. ಆಕೆಗೆ ಕೇಳಬೇಕು ಅನ್ನಿಸಿತು, ಕೇಳಿದಳು. ನಾವು ಎತ್ತುತ್ತಿರುವುದು ವ್ಯವಸ್ಥೆಯ ಪ್ರಶ್ನೆ. ವಾದ್ಯ ಪದವಿಗೆ ಏರುತ್ತಾ ಹೋಯಿತು, ಆ ಪದವಿಯ ಪೀಠದಲ್ಲಿ ಆಫ್ರಿಕದವನೊಬ್ಬ ಕೂರುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ.

೩

ಈಗ ಮರಾಯಿರೆ ಹುಟ್ಟಿದ ದೇಶಕ್ಕೆ ಬರೋಣ. ಇವತ್ತು ಅದು ಜಿಂಬಾಬ್ವೆ. ಅವರು ಹುಟ್ಟಿದ 1940ರ ದಶಕದಲ್ಲಿ ಅದರ ಹೆಸರು ದಕ್ಷಿಣ ರೊಡೇಷಿಯಾ. ಒಬ್ಬ ವ್ಯಾಪಾರಿಯ ಹೆಸರನ್ನು ಇಡೀ ದೇಶದ ಹಣೆಗೆ ಬರೆದಿದ್ದರು. 1930ರ ಭೂಮಿ ಹಂಚಿಕೆ ಕಾಯಿದೆಯ ಪ್ರಕಾರ ಬೆರಳೆಣಿಕೆಯ ಬಿಳಿಯರಿಗೆ ಸುಮಾರು ಅರ್ಧ ನೆಲ, ಅದೂ ಒಳ್ಳೆಯ ನೆಲ. ಕರಿಯರಿಗೆ ಉಳಿದ ಕಲ್ಲು, ಮರಳು.

ಪೂರ್ವದ ಮುತಾಂಬರಾ ಸೀಮೆಯಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಇತ್ತು. ಮರಾಯಿರೆ ಬೆಳೆದದ್ದು ಆ ಸೀಮೆಯಲ್ಲಿ. ಶೋನಾ ಜನರ ಮುಖ್ಯ ವಾದ್ಯ ಎಂಬೀರಾ. ಹಲಗೆಯ ಮೇಲೆ ಕಬ್ಬಿಣದ ಕಡ್ಡಿಗಳನ್ನು ಬಿಗಿದು ಹೆಬ್ಬೆರಳಿನಿಂದ ಮೀಟುವ ವಾದ್ಯ ಅದು. ಅದನ್ನು ನುಡಿಸಿ ಹಿರಿಯರ ಆತ್ಮಗಳನ್ನು ಕರೆಯುತ್ತಾರೆ. ಹಿರಿಯರು ಮೈಮೇಲೆ ಬರುತ್ತಾರೆ, ಮಾತಾಡುತ್ತಾರೆ, ಬೈಯುತ್ತಾರೆ, ದಾರಿ ಹೇಳುತ್ತಾರೆ. ಮಿಷನರಿಗಳಿಗೆ ಇದು ಸೈತಾನನ ಕೆಲಸವಾಗಿ ಕಂಡಿತು. ಇಗರ್ಜಿಗೆ ಬರುವವರು ಎಂಬೀರಾ ಬಿಡಬೇಕು, ನಗಾರಿ ಬಿಡಬೇಕು. ಅಕ್ಷರ ಬೇಕು ಅಂದರೆ ಅಜ್ಜನನ್ನು ಬಿಡಬೇಕು ಅನ್ನುವ ಕರಾರು. 1960ರ ದಶಕದ ಹೊತ್ತಿಗೆ ಮೆಥಡಿಸ್ಟರಲ್ಲೇ ಕೆಲವರಿಗೆ ಬುದ್ಧಿ ಬಂತು. ಜನರ ಧಾಟಿಯಲ್ಲೇ ಭಕ್ತಿಗೀತೆ ಕಟ್ಟಿಸೋಣ ಅಂದರು. ಹಾಗೆ ಕಟ್ಟಿದವರಲ್ಲಿ ಹುಡುಗ ಮರಾಯಿರೆಯೂ ಒಬ್ಬ. ನಗಾರಿ, ಬುರುಡೆಯ ಗಿಲಕಿ ಇಗರ್ಜಿಯ ಒಳಗೆ ಬಂದವು.

ಅಲ್ಲಿಂದ ಅವರು ಹೋದದ್ದು ಬುಲವಾಯೊ ಪಟ್ಟಣದ ಕ್ವನೊಂಗೊಮಾ ಸಂಗೀತ ಕಾಲೇಜಿಗೆ. ಙೊಮಾ ಅಂದರೆ ನಗಾರಿ. 1960ರ ದಶಕದ ಆರಂಭದಲ್ಲಿ ರೊಡೇಷಿಯಾದ ಸಂಗೀತ ಅಕಾಡೆಮಿಯ ಮುಖ್ಯಸ್ಥ ರಾಬರ್ಟ್ ಸಿಬ್ಸನ್ ಈ ಕಾಲೇಜು ತೆರೆದ. ಆಫ್ರಿಕದ ಮಕ್ಕಳ ಶಾಲೆಗಳಿಗೆ ಸಂಗೀತ ಮೇಷ್ಟರುಗಳನ್ನು ತಯಾರು ಮಾಡುವುದು ಅದರ ಉದ್ದೇಶ. ಅಲ್ಲಿ ಜೇಗೆ ತಪೇರಾ ಅನ್ನುವ ಹಿರಿಯ ನುಡಿಕಾರ ಹದಿನೈದು ಕಡ್ಡಿಯ ಎಂಬೀರಾ ಕಲಿಸುತ್ತಿದ್ದ. ಮರಾಯಿರೆ ಅವನ ಕೈಕೆಳಗೆ ಕಲಿತರು.

ಕಾಲೇಜಿಗೆ ಒಂದು ಮೇಳವಾದ್ಯ ಬೇಕಾಯಿತು. ಶೋನಾ ಜನರ ಎಂಬೀರಾ ಹಿಡಿದರೆ ಎಂದೆಬೆಲೆ ಜನಕ್ಕೆ ಬೇಜಾರು, ಎಂದೆಬೆಲೆಯವರದು ಹಿಡಿದರೆ ಶೋನಾದವರಿಗೆ ಬೇಜಾರು. ಈ ಎರಡು ದೊಡ್ಡ ಜನವರ್ಗದಲ್ಲೂ ಆಗ ಮರಿಂಬಾ ಬಾರಿಸುವ ರೂಢಿ ಇರಲಿಲ್ಲ. ಆದ್ದರಿಂದ ಅದು ಯಾರದೂ ಅಲ್ಲ, ಎಲ್ಲರದೂ ಆಗಬಹುದು ಅಂತ ಆರಿಸಿದರು. ಸುತ್ತಲಿನ ಲೋಜಿ, ಚೋಪಿ ಜನರ ಮಾದರಿ ನೋಡಿ ಹೊಸ ಮರಿಂಬಾ ಕಟ್ಟಿದರು. ದೊಡ್ಡದರಿಂದ ಚಿಕ್ಕದರವರೆಗೆ ನಾಲ್ಕು ಅಳತೆ. ಬುರುಡೆಯ ಜಾಗದಲ್ಲಿ ಕೊಳವೆ. ಸ್ವರಗಳು ಪಾಶ್ಚಾತ್ಯರ ಏಳು, ಅದರ ಜೊತೆಗೆ ಇನ್ನೊಂದು ಮಧ್ಯಮ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶುದ್ಧ ಮಧ್ಯಮವೂ ಉಂಟು, ಪ್ರತಿ ಮಧ್ಯಮವೂ ಉಂಟು. ಕೊಳವೆಯ ತೂತಿಗೆ ಅವರು ತೆಳ್ಳನೆಯ ಪೊರೆ ಮತ್ತೆ ಅಂಟಿಸಿದರು. ಷಿಕಾಗೊ ತೊಳೆದುಹಾಕಿದ ಗುಂಯ್ ಸದ್ದು ಬುಲವಾಯೊದಲ್ಲಿ ಉಳಿಯಿತು.

ಇಲ್ಲಿ ನಾವು ಒಂದು ಸತ್ಯವನ್ನು ಮುಚ್ಚಿಡಬಾರದು. ಜಿಂಬಾಬ್ವೆಯ ಮರಿಂಬಾ ಅಂತ ಇವತ್ತು ಲೋಕ ಕರೆಯುವ ವಾದ್ಯ ಅನಾದಿ ಕಾಲದ್ದಲ್ಲ. ಬಿಳಿಯರ ಸರ್ಕಾರ ಇದ್ದಾಗ, ಬಿಳಿಯ ಮುಖ್ಯಸ್ಥನ ಕಾಲೇಜಿನಲ್ಲಿ ಕಟ್ಟಿದ್ದು. ಪರಂಪರೆ ಪರಂಪರೆ ಅಂತ ಎದೆ ಬಡಿದುಕೊಳ್ಳುವವರಿಗೆ ಇದು ಇರುಸುಮುರುಸು. ನಮಗೆ ಅಂಥ ಸಂಕೋಚ ಇಲ್ಲ. ಯಾರದೂ ಅಲ್ಲ ಅಂದ ವಾದ್ಯವನ್ನು ನಾಲ್ಕು ನೂರು ವರ್ಷದ ಹಿಂದೆ ಪಾದ್ರಿ ದೊಸ್ ಸಾಂತೊಸ್ ಶೋನಾ ಸೀಮೆಯಲ್ಲೇ ಕಂಡಿದ್ದನಲ್ಲ. ನಡುವೆ ಅದು ಹೇಗೆ ಕಳೆದುಹೋಯಿತೋ, ಯಾರ ಕೈ ತಪ್ಪಿತೋ. ಕಳೆದುಹೋದವನ ಮನೆಗೆ ಅವನ ವಸ್ತುವನ್ನೇ ಉಡುಗೊರೆ ಅಂತ ತಂದುಕೊಟ್ಟ ಹಾಗಾಯಿತು. ಬಂದದ್ದು ಯಾರ ಕೈಯಿಂದಲೇ ಆಗಲಿ, ಅದನ್ನು ತಮ್ಮದು ಮಾಡಿಕೊಂಡವರು ಮರಾಯಿರೆ ಮತ್ತು ಅವರ ಓರಗೆಯವರು. ಅವರಲ್ಲಿ ಆಲ್ಪೋರ್ಟ್ ಮ್ಹ್ಲಾಂಗಾ ಬೋಟ್ಸ್ವಾನಾದ ಶಾಲೆಗೆ ಮರಿಂಬಾ ಒಯ್ದರು. ಮರಾಯಿರೆ ಸಾಗರ ದಾಟಿದರು.

೪

1965ರ ನವೆಂಬರ್ 11ರಂದು ಇಯಾನ್ ಸ್ಮಿತ್ ಸರ್ಕಾರ ಬ್ರಿಟನ್ನಿನಿಂದ ಸ್ವಾತಂತ್ರ್ಯ ಅಂತ ಘೋಷಿಸಿಕೊಂಡಿತು. ಅದು ಬಿಳಿಯರ ಸ್ವಾತಂತ್ರ್ಯ. ಕರಿಯರಿಗೆ ಬೀಗ ಇನ್ನೂ ಬಿಗಿಯಾಯಿತು. ಮೂರು ವರ್ಷ ಕಳೆದು, 1968ರಲ್ಲಿ, ಮರಾಯಿರೆ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ಲಿಗೆ, ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ರಾಬರ್ಟ್ ಗಾರ್ಫಿಯಾಸ್ ಜಗತ್ತಿನ ಜನಾಂಗಗಳ ಸಂಗೀತ ಕಲಿಸುವ ವಿಭಾಗ ಕಟ್ಟಿದ್ದರು. ಬೇರೆ ಬೇರೆ ದೇಶದ ಕಲಾವಿದರನ್ನು ಕರೆಸಿ ಕೆಲವು ಕಾಲ ಕಲಿಸಲು ಇಟ್ಟುಕೊಳ್ಳುವ ಪದ್ಧತಿ ಇತ್ತು. ಮರಾಯಿರೆ ಅಂಥ ಅತಿಥಿ ಕಲಾವಿದ.

ಅದೇ 1968ರ ಮೇ 20ರಂದು ಅದೇ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳ ಸಂಘದವರು ಅಧ್ಯಕ್ಷರ ಕಚೇರಿಯೊಳಗೆ ನುಗ್ಗಿ ಧರಣಿ ಕೂತಿದ್ದರು. ಕಪ್ಪು ಮಕ್ಕಳಿಗೆ ಹೆಚ್ಚು ಸೀಟು ಕೊಡಿ, ಕಪ್ಪು ಅಧ್ಯಾಪಕರನ್ನು ತೆಗೆದುಕೊಳ್ಳಿ, ನಮ್ಮ ಚರಿತ್ರೆಯನ್ನು ಪಾಠ ಮಾಡಿ ಅನ್ನೋದು ಅವರ ಬೇಡಿಕೆ. ಮರಾಯಿರೆ ನೇಮಕಕ್ಕೂ ಆ ಧರಣಿಗೂ ಗಂಟು ಹಾಕುವುದು ಸರಿಯಲ್ಲ. ಆದರೆ ಅವರು ಪಾಠ ಹೇಳಲಿಕ್ಕೆ ನಿಂತ ಆವರಣದ ಗಾಳಿಯಲ್ಲಿ ಆ ಪ್ರಶ್ನೆ ಇತ್ತು ಅನ್ನೋದನ್ನು ಮರೆಯಬಾರದು.

ಅವರು ಕಲಿಸಿದ ಬಗೆಯೇ ಬೇರೆ. ಪುಸ್ತಕ ಇಲ್ಲ, ಸ್ವರ ಬರೆದ ಹಾಳೆ ಇಲ್ಲ. ಮೊದಲು ಕೇಳು, ಬಾಯಲ್ಲಿ ಹೇಳು, ಆಮೇಲೆ ಕೈ ಹಚ್ಚು. ಶೋನಾ ಸಂಗೀತದಲ್ಲಿ ಒಬ್ಬ ಎತ್ತಿಕೊಡುತ್ತಾನೆ, ಅದಕ್ಕೆ ಕುಶೌರಾ ಅಂತಾರೆ. ಇನ್ನೊಬ್ಬ ಅದರ ಸಂದಿಗಳಲ್ಲಿ ತನ್ನ ಪೆಟ್ಟು ಕೂರಿಸುತ್ತಾನೆ, ಅದಕ್ಕೆ ಕುತ್ಸಿನ್ಹಿರಾ ಅಂತಾರೆ. ಒಬ್ಬನ ಪಾಲು ಮಾತ್ರ ಕೇಳಿದರೆ ಅರೆಬರೆ ಅನ್ನಿಸುತ್ತದೆ. ಎರಡೂ ಕೂಡಿದಾಗ ಇಬ್ಬರೂ ಬಾರಿಸದ ಮೂರನೆಯ ಒಂದು ರಾಗ ಕಿವಿಗೆ ಬೀಳುತ್ತದೆ. ಬುರುಡೆ ಗಿಲಕಿ ಹಿಡಿದವನು ಎಲ್ಲರನ್ನೂ ಕಟ್ಟಿಹಾಕುತ್ತಾನೆ. ಒಬ್ಬನೇ ಮೆರೆಯಲಿಕ್ಕೆ ಇಲ್ಲಿ ಜಾಗ ಕಡಿಮೆ. ವಿಶ್ವವಿದ್ಯಾಲಯದ ಸಂಗೀತಶಾಲೆ ಒಬ್ಬೊಬ್ಬನನ್ನು ಒಂದೊಂದು ಕೋಣೆಯಲ್ಲಿ ಕೂಡಿಹಾಕಿ ತಾಲೀಮು ಮಾಡಿಸುತ್ತದೆ. ಮರಾಯಿರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿದರು. ಎಂಬೀರಾದ ಹದಿನೈದು ಕಡ್ಡಿಗಳಿಗೆ ಅಂಕಿ ಕೊಟ್ಟು ಹೊಸಬರಿಗೆ ಸುಲಭ ಮಾಡಿದವರೂ ಇವರೇ. ಬರಹವನ್ನು ಕಂಡರೆ ಭಯವಿರಲಿಲ್ಲ, ಬರಹ ಬಾರದವರೂ ಕಲಿಯಬಹುದು ಅನ್ನುವ ಧೈರ್ಯ ಇತ್ತು. 1971ರಲ್ಲಿ ನಾನ್‌ಸಚ್ ಕಂಪನಿ ಅವರ ಎಂಬೀರಾದ ಧ್ವನಿಮುದ್ರಿಕೆ ಹೊರತಂದಿತು.

1972ರವರೆಗೆ ಸಿಯಾಟಲ್ಲಿನಲ್ಲಿ ಕಲಿಸಿದರು. ಆಮೇಲೆ ಒಲಿಂಪಿಯಾ ಪಟ್ಟಣದಲ್ಲಿ 1971ರಲ್ಲಿ ಹೊಸದಾಗಿ ತೆರೆದಿದ್ದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಕಲಿಸಿದರು. ಕ್ವನೊಂಗೊಮಾ ಮಾದರಿಯ ಮರಿಂಬಾಗಳು ಅಮೆರಿಕದಲ್ಲೇ ತಯಾರಾದವು, ಅವರ ಹೆಸರಿನ ಮೇಳ ಊರೂರು ತಿರುಗಿತು. ಶಿಷ್ಯರು ಶಿಷ್ಯರನ್ನು ಮಾಡಿದರು. ಸಿಯಾಟಲ್, ಪೋರ್ಟ್‌ಲ್ಯಾಂಡ್, ಯುಜೀನ್ ಊರುಗಳಲ್ಲಿ ಮೇಳಗಳು ಹುಟ್ಟಿದವು. 1991ರಿಂದ ಜಿಂಬಾಬ್ವೆ ಸಂಗೀತದ ಉತ್ಸವವೇ ಅಲ್ಲಿ ಶುರುವಾಯಿತು.

ಈ ಮೇಳಗಳಲ್ಲಿ ಬಾರಿಸುವವರಲ್ಲಿ ಹೆಚ್ಚಿನವರು ಬಿಳಿಯರು. ಇದನ್ನು ಹೇಗೆ ತೆಗೆದುಕೊಳ್ಳಬೇಕು? ನಮ್ಮ ಬಳಗದಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ನೆಲ ಕಿತ್ತುಕೊಂಡವರ ಬಣ್ಣದವರು ಹಾಡನ್ನೂ ತೆಗೆದುಕೊಂಡರು ಅನ್ನುವವರಿದ್ದಾರೆ. ಆ ಕೋಪದಲ್ಲಿ ನ್ಯಾಯ ಇದೆ. ಆದರೆ ಷಿಕಾಗೊದ ಕಾರ್ಖಾನೆಗೂ ಸಿಯಾಟಲ್ಲಿನ ತರಗತಿಗೂ ನಡುವೆ ಒಂದು ವ್ಯತ್ಯಾಸ ನಮಗೆ ಕಾಣುತ್ತದೆ. ಅಲ್ಲಿ ವಾದ್ಯ ತೆಗೆದುಕೊಂಡು ಮನುಷ್ಯನನ್ನು ಬಿಟ್ಟರು. ಇಲ್ಲಿ ಕಪ್ಪು ಮನುಷ್ಯ ಗುರುವಾಗಿ ಎದುರು ನಿಂತಿದ್ದಾನೆ, ಬಿಳಿಯ ಹುಡುಗ ಅವನ ಬಾಯಿ ನೋಡಿಕೊಂಡು ಕಲಿಯಬೇಕು. ರೊಡೇಷಿಯಾದಲ್ಲಿ ಆ ಹೊತ್ತಿಗೆ ಇದನ್ನು ಕನಸಿನಲ್ಲಿ ಕಂಡರೂ ಅಪರಾಧ. ಅಲ್ಲಿ 1970ರ ದಶಕದ ಉದ್ದಕ್ಕೂ ಬಂದೂಕು ಮಾತಾಡುತ್ತ ಇತ್ತು.

೫

1980ರ ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು. 1982ರಲ್ಲಿ ಮರಾಯಿರೆ ಊರಿಗೆ ಮರಳಿದರು. ಜಿಂಬಾಬ್ವೆ ವಿಶ್ವವಿದ್ಯಾಲಯದಲ್ಲಿ ಜನರ ಸಂಗೀತದ ಅಧ್ಯಯನ ವಿಭಾಗ ಬೆಳೆಸುವ ಕೆಲಸ ಅವರ ಮುಂದಿತ್ತು. ಹದಿನಾಲ್ಕು ವರ್ಷ ಹೊರದೇಶದಲ್ಲಿ ಮೇಷ್ಟರಾಗಿದ್ದ ಮನುಷ್ಯನ ಅನುಭವಕ್ಕೆ ಬೆಲೆ ಇತ್ತು. ವಿಶ್ವವಿದ್ಯಾಲಯ ಅನ್ನುವ ಸಂಸ್ಥೆಗೆ ಅನುಭವ ಒಂದೇ ಸಾಲದು, ಕಾಗದ ಬೇಕು. ಮರಾಯಿರೆ ಮತ್ತೆ ಸಿಯಾಟಲ್ಲಿಗೆ ಹೋದರು. ತಾವೇ ಪಾಠ ಹೇಳಿದ್ದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಕೂತರು. 1990ರಲ್ಲಿ ಡಾಕ್ಟರೇಟ್ ಪಡೆದರು.

ಗೆಳೆಯರೆ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1968ರಲ್ಲಿ ಕಲಾವಿದ ಅಂತ ಕರೆದವರು 1990ರಲ್ಲಿ ವಿದ್ವಾಂಸ ಅಂತ ಒಪ್ಪಿಕೊಂಡರು. ಇಪ್ಪತ್ತೆರಡು ವರ್ಷ. ಕೈಯಲ್ಲಿ ವಿದ್ಯೆ ಇದ್ದವನು ಬಾರಿಸಿ ತೋರಿಸಬಹುದು, ಅದರ ಮೇಲೆ ಬರೆಯುವವನು ಪ್ರೊಫೆಸರ್ ಆಗುತ್ತಾನೆ. ಈ ಎರಡು ಪಂಕ್ತಿಗಳ ನಡುವಿನ ಗೆರೆಯನ್ನು ಅವರು ದಾಟಲೇಬೇಕಾಗಿತ್ತು, ದಾಟಿದರು. ದಾಟುವಾಗ ಯಾವ ವಿಷಯ ಆರಿಸಿಕೊಂಡರು ನೋಡಿ. ಶೋನಾ ಜನರ ಹಿರಿಯರ ಆತ್ಮ ಮೈಮೇಲೆ ಬರುವ ಆಚರಣೆಯಲ್ಲಿ ಸಂಗೀತದ ಸ್ಥಾನ ಏನು ಅನ್ನೋದು ಅವರ ಮಹಾಪ್ರಬಂಧ. ಮಿಷನ್ನಿನವರು ಸೈತಾನ ಅಂದದ್ದನ್ನೇ ಎತ್ತಿಕೊಂಡು ಅದಕ್ಕೆ ಪದವಿ ತಂದರು. ಅಜ್ಜನನ್ನು ಬಿಟ್ಟು ಅಕ್ಷರ ಕಲಿ ಅಂದವರ ಎದುರು ಅಕ್ಷರದೊಳಗೇ ಅಜ್ಜನನ್ನು ಕೂರಿಸಿದರು.

ಇಗರ್ಜಿಗೆ ಹಾಡು ಕಟ್ಟಿದವರೂ ಇವರೇ, ಹಿರಿಯರನ್ನು ಕರೆಯುವ ಸಂಗೀತದ ಮೇಲೆ ಪ್ರಬಂಧ ಬರೆದವರೂ ಇವರೇ. ಇದರಲ್ಲಿ ವಿರೋಧ ಕಾಣುವವರು ಕಾಣಲಿ. ತುಳಿದವರ ಕೈಯಿಂದ ಬಂದದ್ದನ್ನೂ ತುಳಿಸಿಕೊಂಡದ್ದನ್ನೂ ಎರಡನ್ನೂ ಹೊತ್ತುಕೊಂಡು ಬದುಕಬೇಕಾದವರ ಬಾಳು ಹೀಗೇ ಇರುತ್ತದೆ.

1992ರಲ್ಲಿ ಕ್ರೊನೋಸ್ ಅನ್ನುವ ಅಮೆರಿಕದ ಪಿಟೀಲು ಬಳಗ ಆಫ್ರಿಕದ ಸಂಯೋಜಕರ ಕೃತಿಗಳ ಧ್ವನಿಮುದ್ರಿಕೆ ಮಾಡಿದಾಗ ಮರಾಯಿರೆಯ ಎರಡು ಕೃತಿಗಳು ಅದರಲ್ಲಿ ಸೇರಿದವು. ಒಂದರ ಹೆಸರು ಮಾಯಿ ನೊಜಿಪೊ, ತಾಯಿಯ ಹೆಸರಿನದು. ಇನ್ನೊಂದು ಕುತಂಬರಾರಾ. ಅಂದರೆ ಹರಡಿಕೊಳ್ಳುವುದು. ಸಂಯೋಜಕ ಅಂತ ಆಫ್ರಿಕದವನ ಸ್ವಂತ ಹೆಸರು ಅಚ್ಚಾಯಿತು. ಹಿಂದೆ ಆಗಿದ್ದರೆ ಆಫ್ರಿಕದ ಜನಪದ ಧಾಟಿ ಅಂತ ಒಂದು ಸಾಲು ಹಾಕಿ ಮುಗಿಸುತ್ತಿದ್ದರು. ಜನಪದ ಅನ್ನುವ ಗೌರವದ ಮಾತಿನ ಅಡಿಯಲ್ಲಿ ಎಷ್ಟು ಮಂದಿಯ ಹೆಸರು ಹೂತುಹೋಗಿದೆಯೋ ಲೆಕ್ಕ ಇಟ್ಟವರಿಲ್ಲ.

ಆಮೇಲೆ ಜಿಂಬಾಬ್ವೆಯಲ್ಲೇ ಕಲಿಸುತ್ತ ಇದ್ದ ಮರಾಯಿರೆ 1999ರ ನವೆಂಬರಿನಲ್ಲಿ ತೀರಿಕೊಂಡರು. ಒಲಿಂಪಿಯಾದಲ್ಲಿ 1976ರಲ್ಲಿ ಹುಟ್ಟಿದ ಅವರ ಮಗಳು ಚಿವೊನಿಸೊ ಎಂಬೀರಾ ಹಿಡಿದು ಹಾಡಿದಳು. ಎಂಬೀರಾ ಗಂಡಸರ ವಾದ್ಯ ಅನ್ನುವ ರೂಢಿ ಅವಳನ್ನು ತಡೆಯಲಿಲ್ಲ. 2008ರಲ್ಲಿ ಅವಳು ತನ್ನ ಹಾಡುಗಳ ಸಂಗ್ರಹಕ್ಕೆ ಇಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಿದರೆ ಬಂಡಾಯಗಾರ್ತಿ. 2013ರಲ್ಲಿ, ನಲವತ್ತೂ ತುಂಬದೆ, ಅವಳೂ ಹೋದಳು.

೬

ಮರಾಯಿರೆಯನ್ನು ವೀರ ಅಂತ ಮೆರವಣಿಗೆ ಮಾಡುವುದು ನಮ್ಮ ಉದ್ದೇಶ ಅಲ್ಲ. ಅವರು ಬಂದೂಕು ಹಿಡಿಯಲಿಲ್ಲ, ಜೈಲಿಗೆ ಹೋದವರ ಸಾಲಿನಲ್ಲಿ ಅವರನ್ನು ನಿಲ್ಲಿಸಲಿಕ್ಕೆ ಬರುವುದಿಲ್ಲ. ಪಾಠ ಹೇಳಿದರು, ಬಾರಿಸಿದರು, ಸಂಬಳ ತೆಗೆದುಕೊಂಡರು, ಒಬ್ಬ ಮೇಷ್ಟರ ಬದುಕು ಬದುಕಿದರು. ಆದರೂ ಆ ಬದುಕಿನಿಂದ ಎರಡು ವಿಷಯ ನಮಗೆ ತಿಳಿಯುತ್ತದೆ.

ಒಂದು, ವಾದ್ಯಕ್ಕೆ ಗೌರವ ಬಂದ ಮಾತ್ರಕ್ಕೆ ಜನಕ್ಕೆ ಗೌರವ ಬರುವುದಿಲ್ಲ. ಗ್ವಾಟೆಮಾಲಾ ಅದಕ್ಕೆ ಸಾಕ್ಷಿ, ಕಾರ್ನೆಗಿ ಹಾಲ್ ಅದಕ್ಕೆ ಸಾಕ್ಷಿ. ಚೋಪಿ ಜನರ ತಿಂಬಿಲಾವನ್ನು 2005ರಲ್ಲಿ ಯುನೆಸ್ಕೊ ಮನುಕುಲದ ಆಸ್ತಿ ಅಂತ ಸಾರಿದಾಗಲೂ ಬಿಟ್ಟಿ ಚಾಕರಿಯಲ್ಲಿ ಸವೆದ ಬೆನ್ನುಗಳಿಗೆ ಯಾರೂ ಲೆಕ್ಕ ಕೊಡಲಿಲ್ಲ. ವಾದ್ಯ ಒಳಗೆ ಹೋಗುವಾಗ ಜೊತೆಗೆ ಮನುಷ್ಯನೂ ಹೋಗುತ್ತಿದ್ದಾನಾ, ಹೋದವನು ಅತಿಥಿಯಾ ಮನೆಯವನಾ, ಇದನ್ನು ಪ್ರತಿ ಸಲವೂ ಕೇಳಬೇಕು.

ಎರಡು, ಮೂಲ ಯಾರದು ಅನ್ನುವ ಜಗಳದಲ್ಲೇ ನಾವು ಕಳೆದುಹೋಗಬಾರದು. ಮರಿಂಬಾ ಕೈಯಿಂದ ಕೈಗೆ ಹೋಗಿ, ಕಳೆದು, ಮತ್ತೆ ಸಿಕ್ಕಿ, ರೂಪ ಬದಲಾಯಿಸಿ ಬಂದಿದೆ. ಗುಲಾಮ ಮಾಡಿದ, ಮಾಯಾ ರೈತ ಮಾಡಿದ, ಗಣಿಯ ಕೂಲಿ ಬಾರಿಸಿದ, ಬುಲವಾಯೊದ ಹುಡುಗರು ಕೊಳವೆ ಕಟ್ಟಿ ಹೊಸದು ಮಾಡಿದರು. ದುಡಿಯುವ ಕೈ ಇದ್ದಲ್ಲೆಲ್ಲ ಅದು ಬದುಕಿತು. ಪರಂಪರೆ ಅನ್ನೋದು ಹುಟ್ಟಿನಿಂದ ಬರುವ ಆಸ್ತಿ ಅಂತ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ. ಹುಟ್ಟಿನ ಹಕ್ಕಿನ ಮಾತನ್ನು ಕೇಳಿ ಕೇಳಿ ಕಿವಿ ಸವೆದ ನಾವು ಆ ವಾದವನ್ನು ನಮ್ಮ ಪರವಾಗಿ ಕೂಡ ಬಳಸುವುದು ಬೇಡ.

ಉಳಿದದ್ದು ಆ ಗುಂಯ್ ಸದ್ದು. ಕೊಳೆ ಅಂತ ತೆಗೆದ ಪೊರೆಯನ್ನು ಬುಲವಾಯೊದವರು ಮತ್ತೆ ಅಂಟಿಸಿದರು, ಮರಾಯಿರೆ ಅದನ್ನು ವಿಶ್ವವಿದ್ಯಾಲಯದ ಕೋಣೆಗೆ ಒಯ್ದರು. ಶುದ್ಧವಾಗಿ ಬಾ, ಒಳಗೆ ಬಿಡುತ್ತೇವೆ ಅಂತ ಹೇಳುವ ಬಾಗಿಲುಗಳು ಇನ್ನೂ ಎಲ್ಲ ದೇಶದಲ್ಲೂ ಇವೆ. ಆ ಬಾಗಿಲ ಮುಂದೆ ನಿಂತಿರುವ ಹುಡುಗ ಹುಡುಗಿಯರಿಗೆ ನಾವು ಹೇಳೋದು ಇಷ್ಟೇ: ಪೊರೆ ಕಿತ್ತು ಹೊರಗೆ ಇಟ್ಟು ಹೋಗಬೇಡಿ. ಅದರ ಸಮೇತ ಹೋಗಿ.